ಸಲಿಕಿ ಗಂಗಿ

ಗಂಗವ್ವಾ, ನೀನು ನನ್ನನ್ನು ಹೊಡೆಯಲಿಲ್ಲ. ನಾನೇ ಬಿದ್ದೆ. ಬಿದ್ದು, ಆಸ್ಪತ್ರೆಯಲ್ಲಿ ನಿನ್ನ ಹೆಸರು ಹೇಳಿದೆ.

ಮೊಮ್ಮಗಳು ಫೋನಿನಲ್ಲಿ ಟೈಪ್ ಮಾಡುವುದನ್ನು ಕಲಿಸಿದ್ದಾಳೆ. ಇಷ್ಟು ದಿನ ಬೆಳಗಾದರೆ ಹೂವಿನ ಚಿತ್ರ ಕಳಿಸಿ ನಮ್ಮೂರು ಕಲ್ಲೂರಿನವರ ಜೀವ ತಿಂದೆ. ಈಗ ಅದೇ ಫೋನಿನಲ್ಲಿ ಇದನ್ನು ಬರೆಯುತ್ತಿದ್ದೇನೆ.

ನಾವಿಬ್ಬರೂ ಗಟ್ಟಿಯಾಗಿದ್ದ ಕಾಲ. ಕಾಲುವೆ ನೀರಿನ ಪಾಳಿಗಾಗಿ ನನ್ನ ಗಂಡ, ನಿನ್ನ ಗಂಡ ಗದ್ದೆಯಲ್ಲೇ ಹೊಡೆದಾಡಿದರು. ನಾನು ಬಯ್ಯುತ್ತ ನಡುವೆ ನುಗ್ಗಿದೆ. "ಬ್ಯಾಡ, ಬಾ ಬೇ! ಗಂಡಸರು ಏನರ ಮಾಡ್ಕೊಳ್ಳಿ" ಎಂದು ನೀನು ಕೈ ಹಿಡಿದೆ. ನಾನು ಕೊಸರಿಕೊಂಡೆ, ಕೆಸರಿನಲ್ಲಿ ಜಾರಿದೆ, ತೂಬಿನ ಕಲ್ಲಿಗೆ ತಲೆ ಬಡಿಯಿತು.

ರಾಯಚೂರಿನ ಆಸ್ಪತ್ರೆಗೆ ಹೋಗುವಾಗ ಮೈದುನ ಕಿವಿಯಲ್ಲಿ ಹೇಳಿದ: "ಅತ್ತಿಗೀ, ಗಂಗಿ ಮನಿಯವರು ಆಗ್ಲೇ ಕೇಸ್ ಕೊಟ್ಟಾರ. ನೀ ಬಿದ್ದೆ ಅಂದ್ರ ನಮ್ಮ ಕಡಿ ಏನೂ ಉಳಿಯಂಗಿಲ್ಲ ನೋಡು."

ತುರ್ತು ವಾರ್ಡಿನ ಪಕ್ಕದ ಮಂಚದಲ್ಲಿ ದೇವದುರ್ಗದ ಕಡೆಯ ಹುಡುಗಿ. ಮುಖ ಊದಿತ್ತು, ಕುತ್ತಿಗೆಯ ಮೇಲೆ ಬೆರಳಿನ ಗುರುತು. ಗಂಡ ಕಾಲ ಬಳಿಯೇ ನಿಂತಿದ್ದ. "ಬಚ್ಚಲದಾಗ ಜಾರಿ ಬಿದ್ನಿರಿ," ಎಂದಳು.

ಡಾಕ್ಟರು ನನ್ನ ಕಡೆ ತಿರುಗಿದರು. "ನಿನಗೇನಾತವ್ವಾ?"

"ಗಂಗಿ ಸಲಿಕಿಲೆ ಹೊಡದ್ಲುರಿ."

ಸ್ವಲ್ಪ ನರಳಿದೆ ಕೂಡ – ನಾಟಕ ನನಗೆ ಮೊದಲಿನಿಂದಲೂ ಬರುತ್ತದೆ, ನಿನಗೆ ಗೊತ್ತಲ್ಲ.

ಏಟು ತಿಂದವಳು ಬಿದ್ದೆ ಎಂದಳು. ಬಿದ್ದ ನಾನು ಏಟು ತಿಂದೆ ಎಂದೆ. ಡಾಕ್ಟರು ಎರಡನ್ನೂ ಬರೆದುಕೊಂಡರು. ಅವಳಿಗೆ ಜೀವದ ಭಯ. ನನಗೆ ಯಾವ ಭಯ ಇತ್ತು? ನರ್ಸು ನನ್ನ ತಲೆಗೆ ಕಟ್ಟಿದ್ದ ಬಟ್ಟೆ ಬಿಚ್ಚಿದಾಗ ನೋಡಿದೆ – ರಕ್ತ ನಿಲ್ಲಲೆಂದು ನೀನು ಹರಿದು ಕಟ್ಟಿದ್ದ ನಿನ್ನದೇ ಸೆರಗು. ಆಗಲೂ ಹೇಳಿದ ಮಾತು ಬದಲಿಸಲಿಲ್ಲ.

ಮಾನ್ವಿ ಕೋರ್ಟಿಗೆ ನೀನು ಕೂಸನ್ನು ಎತ್ತಿಕೊಂಡು ಅಲೆದೆ. ಕೊನೆಗೆ ರಾಜಿಯಾಯಿತು, ಗಂಡಸರು ಒಟ್ಟಿಗೆ ಚಹಾ ಕುಡಿದರು. ನಿನಗೆ ಮಾತ್ರ 'ಸಲಿಕಿ ಗಂಗಿ' ಎಂಬ ಹೆಸರು ಉಳಿಯಿತು. ಇಟ್ಟವಳು ನಾನು, ಮೊದಲು ನಕ್ಕವಳೂ ನಾನೇ. ಮಗನಿಗೆ ಹೆಣ್ಣು ಕೇಳಲು ನೀನು ಹೋದಲ್ಲೆಲ್ಲ ಆ ಹೆಸರು ನಿನಗಿಂತ ಮುಂಚೆ ತಲುಪುತ್ತಿತ್ತು.

ಮೊನ್ನೆ ನಿನ್ನ ಸೊಸೆ ಜಗಳದಲ್ಲಿ "ನನಗೂ ಸಲಿಕಿ ಎತ್ತತೀಯೇನು ಅತ್ತೀ?" ಎಂದದ್ದು ಗೋಡೆಯಾಚೆಯ ನನ್ನ ಮನೆಗೂ ಕೇಳಿಸಿತು.

ನಿನಗೆ ಓದಲು ಬರುವುದಿಲ್ಲ. ಅದಕ್ಕೇ ಇದನ್ನು ಆ ಸೊಸೆಯ ಫೋನಿಗೆ ಕಳಿಸುತ್ತಿದ್ದೇನೆ. ಅವಳೇ ನಿನಗೆ ಓದಿ ಹೇಳಲಿ. ಆಮೇಲೆ ನಾನು ನಿನ್ನ ಬಾಗಿಲಿಗೆ ಬರುತ್ತೇನೆ. ಒಳಗೆ ಕರೆಯಬೇಡ. ಆಸ್ಪತ್ರೆಯಲ್ಲಿ ಹೇಳಬೇಕಿದ್ದ ಮಾತನ್ನು ಬೀದಿಯಲ್ಲೇ ನಿಂತು, ಊರಿಗೆಲ್ಲ ಕೇಳುವಂತೆ ಹೇಳುತ್ತೇನೆ.