ಎರಡು ಸೌಟುಗಳ ಲಾಂಡ್ರಿ

ಆ ಲಾಂಡ್ರಿಯ ಕರೆಂಟ್ ಬಿಲ್ಲಿನ ಉಸಾಬರಿಯೆಲ್ಲ ಯಜಮಾನನ ಅಕ್ಕನದು. ಎದುರಿಗೆ ಎಲ್ಲರೂ ಅವಳನ್ನು 'ಅಕ್ಕಾ' ಎನ್ನುತ್ತಿದ್ದರು, ಬೆನ್ನ ಹಿಂದೆ 'ಮೀಟರಕ್ಕ' ಎನ್ನುತ್ತಿದ್ದರು. ಎರಡೂ ಅವಳ ಕಿವಿಗೆ ಬೀಳುತ್ತಿದ್ದವು. ನಿಜ ಹೇಳಬೇಕೆಂದರೆ ಎರಡನೆಯದೇ ಅವಳಿಗೆ ಹೆಚ್ಚು ಇಷ್ಟ. ಅವಳ ಸ್ಟೂಲು ಇದ್ದದ್ದೇ ಮೀಟರಿನ ಕೆಳಗೆ. ಯಾರಾದರೂ ಫ್ಯಾನು ಆರಿಸದೆ ಹೊರಟರೆ ಅವಳು ತಾನು ಆರಿಸುತ್ತಿರಲಿಲ್ಲ. ರಸ್ತೆಯ ತಿರುವಿನವರೆಗೂ ಬೆನ್ನಟ್ಟಿ ಹೋಗಿ, ವಾಪಸ್ ಕರೆತಂದು, ಅವರ ಕೈಯಿಂದಲೇ ಆರಿಸುತ್ತಿದ್ದಳು. ಹಾಗೆ ಮಾಡಿದರೇ ಬುದ್ಧಿ ಬರುವುದಂತೆ. ಒಮ್ಮೆ ಬಟ್ಟೆ ಕೊಡಲು ಬಂದಿದ್ದ ಗಿರಾಕಿಯನ್ನು ಬಸ್ಸಿನಿಂದ ಇಳಿಸಿಕೊಂಡು ಬಂದಿದ್ದಳು. ಅತಿಯಾಯಿತು ಅನ್ನುತ್ತೀರಾ? ಅತಿಯೇ. ಆ ಗಿರಾಕಿಯೂ ಅದನ್ನೇ ಹೇಳಿ ಹೋದ, ಮತ್ತೆ ಬರಲಿಲ್ಲ.

ಇಂಥವಳು ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಿದ್ದರೂ ಬಿಲ್ಲಿನಲ್ಲಿ ದಂಡ ಬರತೊಡಗಿತು. ಅದರ ಕತೆ ಇಷ್ಟೇ. ಲಾಂಡ್ರಿಗೆ ಇಷ್ಟು ಲೋಡು ಎಂದು ಕರೆಂಟ್ ಕಚೇರಿಯವರು ಮಿತಿ ಹಾಕಿಕೊಟ್ಟಿದ್ದರು. ಮೀಟರು ಪ್ರತಿ ಅರ್ಧ ಗಂಟೆಗೂ ಎಷ್ಟು ಎಳೆದರೆಂದು ಕೂಡಿಸುತ್ತಾ ಹೋಗುತ್ತದೆ, ಅರ್ಧ ಗಂಟೆ ಮುಗಿದರೆ ಮತ್ತೆ ಸೊನ್ನೆಯಿಂದ ಶುರು. ತಿಂಗಳಲ್ಲಿ ಒಂದೇ ಒಂದು ಅರ್ಧ ಗಂಟೆ ಮಿತಿ ದಾಟಿದರೂ ಮುಗಿಯಿತು, ದಂಡ. ತಿಂಗಳಿಡೀ ಸಾಧುವಾಗಿದ್ದು ಒಂದು ಮಧ್ಯಾಹ್ನ ಕೆಟ್ಟರೆ ಇಡೀ ತಿಂಗಳು ಕೆಟ್ಟಂತೆಯೇ ಲೆಕ್ಕ. ಯಾರು ಮಾಡಿದರೋ ಈ ಕಾನೂನು, ಅವರ ಮನೆಯಲ್ಲಿ ಅತ್ತೆ ಬಹಳ ಜೋರಿದ್ದಿರಬೇಕು.

ಲಾಂಡ್ರಿಯಲ್ಲಿ ಕರೆಂಟ್ ನುಂಗುವ ಯಂತ್ರಗಳು ಮೂರು. ಒಗೆಯುವ ಯಂತ್ರ 'ನೊರೆ'ಯದು. ಮುಂಗೈಯ ಸೋಪು ಒಣಗಿದ್ದನ್ನು ಯಾರೂ ಕಾಣದ್ದರಿಂದ ಆ ಹುಡುಗಾಟದ ಮುದುಕನಿಗೆ ಆ ಹೆಸರು. ಒಣಗಿಸುವ ಯಂತ್ರ 'ಬಿಸಿಗಾಳಿ'ಯದು. ಅವಳ ಮಾತೂ ಹಾಗೇ ಇತ್ತು. ದೊಡ್ಡ ಇಸ್ತ್ರಿ ಯಂತ್ರ 'ಗರಿಗರಿ'ಯದು. ಅವನು ತನ್ನ ಕರವಸ್ತ್ರವನ್ನೂ ಇಸ್ತ್ರಿ ಮಾಡಿಕೊಂಡೇ ಮೂಗು ಒರೆಸುವವನು. ಯಾವ ಎರಡು ಯಂತ್ರ ಒಟ್ಟಿಗೆ ಓಡಿದರೂ ಲೋಡು ಮಿತಿಯ ಅಂಚಿಗೆ ಬಂದು ನಿಲ್ಲುತ್ತಿತ್ತು. ಮೂರನೆಯದು ಸೇರಿದರೆ ದಂಡ. ಎರಡು ಯಂತ್ರದ ಜೊತೆ ಟೀ ಕಾಯಿಸುವ ಕೆಟಲ್ ಸೇರಿದರೂ ದಂಡವೇ.

ಎರಡನೇ ಸಲ ದಂಡ ಬಂದ ದಿನ ಯಜಮಾನ, ಅಂದರೆ ಅವಳ ತಮ್ಮ, ಬಿಲ್ಲನ್ನು ಬೀಸಣಿಗೆಯಂತೆ ಬೀಸುತ್ತಾ ಬಂದ.

"ಅಕ್ಕಾ, ಸಾಕಪ್ಪಾ ಸಾಕು. ಇನ್ನೊಂದ್ಸಲ ದಂಡ ಬಂದ್ರೆ ನೀನು ಮನೇಲಿ ಕೂತ್ಬಿಡು. ಎದುರುಗಡೆ ಬಿಲ್ಲಿನವನಿದಾನಲ್ಲ, ಹತ್ತಾರು ಅಂಗಡಿದು ಅವನೇ ನೋಡ್ತಾನೆ, ನಮ್ದೂ ನೋಡ್ಲಿ."

"ಮನೇಲಿ ಕೂತು ಏನ್ಮಾಡ್ಲೋ?"

"ಏನೂ ಮಾಡ್ಬೇಡ. ಆರಾಮಾಗಿರು. ವಯಸ್ಸಾಯ್ತಲ್ಲ."

ಆರಾಮ ಹೇಗಿರುತ್ತದೆಂದು ಅಕ್ಕನಿಗೆ ಗೊತ್ತಿತ್ತು. ಒಮ್ಮೆ ಜ್ವರವೆಂದು ಮನೆಯಲ್ಲಿ ಉಳಿದಿದ್ದಳು. ಮಧ್ಯಾಹ್ನದೊಳಗೆ ಬೀರುವಿನ ಬಟ್ಟೆಯೆಲ್ಲ ಮಡಿಸಿ, ಕಿಟಕಿಯ ಪರದೆ ಬಿಚ್ಚಿ ಮಡಿಸಿ, ಫ್ರಿಜ್ಜನ್ನು 'ಸ್ವಲ್ಪ ಹೊತ್ತು ಸುಧಾರಿಸಿಕೊಳ್ಳಲಿ' ಎಂದು ಆರಿಸಿ, ತಮ್ಮನ ಹೆಂಡತಿಯ ಹತ್ತಿರ ಬೈಸಿಕೊಂಡು, ಕೊನೆಗೆ ಏನೂ ತೋಚದೆ ಗೋಡೆ ನೋಡುತ್ತಾ ಕೂತು ಅತ್ತುಬಿಟ್ಟಿದ್ದಳು. ಗಂಡನಿಲ್ಲ, ಮಕ್ಕಳಿಲ್ಲ. ಇದ್ದದ್ದು ಆ ಸ್ಟೂಲು, ಆ ಮೀಟರು, ಬೈಸಿಕೊಳ್ಳಲು ಸಿದ್ಧವಾದ ನಾಲ್ಕು ಜನ. ಅದನ್ನೂ ಕಿತ್ತುಕೊಂಡರೆ ಅವಳಿಗೆ ಬೆಳಗ್ಗೆ ಏಳಲು ನೆಪವೇ ಇರುತ್ತಿರಲಿಲ್ಲ.

ಮರುದಿನ ಅವಳು ಮನೆಯಿಂದ ಉದ್ದ ಹಿಡಿಯ ಎರಡು ಸೌಟು ತಂದಳು. ಮನೆಯಲ್ಲಿ ಇದ್ದದ್ದೇ ಎರಡು. ಅಂದು ರಾತ್ರಿ ತಮ್ಮನ ಹೆಂಡತಿ ಎಲ್ಲವನ್ನೂ ಲೋಟದಲ್ಲಿ ಬಡಿಸಿದಳು, ಮುಖ ಊದಿಸಿಕೊಂಡು.

"ಕೇಳ್ರಪ್ಪಾ," ಎಂದಳು ಅಕ್ಕ. "ಸೌಟು ಕೈಲಿದ್ದೋರು ಮಾತ್ರ ಸ್ವಿಚ್ ಹಾಕ್ಬೇಕು. ಕೆಲಸ ಮುಗೀತಾ, ಆರಿಸಿ, ಸೌಟು ತಂದು ನನ್ನ ಕೈಗೆ ಕೊಡ್ಬೇಕು. ಸೌಟಿಲ್ದೆ ಸ್ವಿಚ್ ಮುಟ್ಟಿದ್ರೆ ಅದೇ ಸೌಟಲ್ಲಿ ಬಾರಿಸ್ತೀನಿ."

"ಎಲ್ಲರ ಕೈಲೂ ಸೌಟು, ತಿನ್ನೋಕೆ ಮಾತ್ರ ಏನೂ ಇಲ್ಲ," ಎಂದಳು ಬಿಸಿಗಾಳಿ.

ಮೊದಮೊದಲು ನಗೆಯಾಯಿತು, ಆಮೇಲೆ ಜಗಳ. ನೊರೆ ಸೌಟನ್ನು ಸೊಂಟಕ್ಕೆ ಸಿಗಿಸಿಕೊಂಡು ಕತ್ತಿ ಕಟ್ಟಿದವನ ಹಾಗೆ ಓಡಾಡಿದ. ಬಿಸಿಗಾಳಿ ಕೆಲಸ ಮುಗಿದರೂ ಸೌಟು ಬಿಡದೆ ಬೆನ್ನು ಕೆರೆದುಕೊಳ್ಳುತ್ತಾ ನಿಂತಳು. ಒಂದು ದಿನ ಗರಿಗರಿ ಮರೆತು ಸೌಟನ್ನು ಮನೆಗೇ ಒಯ್ದುಬಿಟ್ಟ. ಬೆಳಗ್ಗೆ ಅವನು ಬರುವುದು ತಡವಾಯಿತು. ಇದ್ದ ಒಂದೇ ಸೌಟಿಗೆ ನೊರೆಯೂ ಬಿಸಿಗಾಳಿಯೂ ಎರಡು ತುದಿ ಹಿಡಿದು ಜಗ್ಗಾಡಿದರು. ಇಸ್ತ್ರಿ ಯಂತ್ರ ತಣ್ಣಗೆ ನಿಂತಿದೆ, ಇಬ್ಬರೂ ಯಂತ್ರ ಹಾಕಿಕೊಳ್ಳಬಹುದು, ಅದು ಕುರುಡನಿಗೂ ಕಾಣುತ್ತಿತ್ತು. ಅಕ್ಕ ಜಪ್ಪಯ್ಯ ಅಂದರೂ ಒಪ್ಪಲಿಲ್ಲ. ಕಡೆಗೆ ಗರಿಗರಿ ಏದುಸಿರು ಬಿಡುತ್ತಾ ಓಡಿ ಬಂದ. ಸೌಟು ಈರುಳ್ಳಿ ವಾಸನೆ ಹೊಡೆಯುತ್ತಿತ್ತು.

"ಅಮ್ಮ ಅಡುಗೆಗೆ ಹಾಕ್ಬಿಟ್ರು ಅಕ್ಕಾ. ಚೆನ್ನಾಗಿದೆಯಂತೆ, ಎಲ್ಲಿ ತಗೊಂಡ್ರಿ ಅಂತ ಕೇಳಿದ್ರು."

ಈ ಕಾರುಬಾರಿನಲ್ಲಿ ಹೆಚ್ಚು ಸೊರಗಿದವನು ತಮ್ಮ. ಅವನಿಗೆ ಹೊತ್ತು ಹೊತ್ತಿಗೆ ಟೀ ಬೇಕು. ಆದರೆ ಅಂಗಡಿಯಲ್ಲಿ ಕಾಸು ಕೊಟ್ಟು ಟೀ ಕುಡಿಯುವ ಜಾಯಮಾನದವನಲ್ಲ. ಅಕ್ಕ ಕೆಟಲಿನ ವೈರು ಕಿತ್ತು ತನ್ನ ಚೀಲಕ್ಕೆ ಹಾಕಿಕೊಂಡಿದ್ದಳು. ಸೌಟು ಬಿಡುವಾಗಿದ್ದಾಗ ಟೀ ಮಾಡಿಕೋ ಎಂದಿದ್ದಳು. ಸೌಟು ಬಿಡುವಾಗುತ್ತಿದ್ದದ್ದು ಯಾವಾಗ? ಯಜಮಾನ ತನ್ನದೇ ಅಂಗಡಿಯಲ್ಲಿ ಸೌಟಿಗೆ ಸರದಿ ನಿಂತ. ನೊರೆ ಹಲ್ಲು ಕಿರಿದು, "ನನ್ ಹಿಂದೆ ನಿಂತ್ಕೊಳಿ ಧಣಿ," ಎಂದ.

ಅಂತೂ ತಿಂಗಳ ಕೊನೆಯ ದಿನ ಬಂತು. ಮಿತಿ ಒಂದು ಸಲವೂ ದಾಟಿರಲಿಲ್ಲ. ಆ ದಿನವೇ ಹೋಟೆಲಿನ ಮ್ಯಾನೇಜರು ರಾಶಿ ಹಾಸಿಗೆ ಬಟ್ಟೆ ತಂದು, ಸಂಜೆಯೊಳಗೆ ಬೇಕೆಂದು ಎದುರಿಗೇ ಕುರ್ಚಿ ಹಾಕಿ ಕೂತ. ಒಂದು ಸೌಟು ಬಿಸಿಗಾಳಿಯ ಕೈಯಲ್ಲಿ, ಇನ್ನೊಂದು ಗರಿಗರಿಯ ಕೈಯಲ್ಲಿ. ಅಕ್ಕ ಮೀಟರಿನ ಅಂಕಿ ನೋಡುತ್ತಾ ನಿಂತಿದ್ದಳು. ಅಂಕಿ ಎಂದಿನ ಹಾಗೆ ತೆವಳುತ್ತಿರಲಿಲ್ಲ, ಓಡುತ್ತಿತ್ತು.

"ಯಾರೋ ಎಳೀತಿದಾರೆ!" ಎಂದು ಕೂಗಿದಳು. "ನೊರೇ!"

ನೊರೆ ಎರಡೂ ಕೈ ಎತ್ತಿ ತೋರಿಸಿದ. ನೊರೆ ಬಿಟ್ಟರೆ ಬೇರೇನೂ ಇರಲಿಲ್ಲ.

ಅಂಕಿ ಮಿತಿಯ ಮೂಗಿನ ತುದಿಗೆ ಬಂತು. ಹುಡುಕುತ್ತಾ ಕೂರಲು ಪುರುಸೊತ್ತಿಲ್ಲ. ಅಕ್ಕ ಮೇನ್ ಸ್ವಿಚ್ಚನ್ನೇ ಎಳೆದುಬಿಟ್ಟಳು. ಯಂತ್ರಗಳು ನರಳುತ್ತಾ ನಿಂತವು. ಕಿಟಕಿಗಳಿಗೆಲ್ಲ ಬಟ್ಟೆಯ ಗಂಟು ಅಡ್ಡ ಪೇರಿಸಿದ್ದರಿಂದ ಲಾಂಡ್ರಿ ಕತ್ತಲಾಯಿತು.

"ಏನ್ರೀ, ಕರೆಂಟ್ ಹೋಯ್ತಾ?" ಎಂದ ಮ್ಯಾನೇಜರು.

"ಹೋಗಿಲ್ಲ, ನಾನೇ ತೆಗೆದೆ."

"ಅಯ್ಯೋ, ಹಾಕ್ರೀ ಮತ್ತೆ!"

"ಅರ್ಧ ಗಂಟೆ ಮುಗಿದು ಅಂಕಿ ಸೊನ್ನೆಗೆ ಬರ್ಲಿ. ಈಗ ಒಂದು ದೀಪ ಉರಿದ್ರೂ ನಾನು ಮನೇಲಿ ಕೂರ್ಬೇಕಾಗುತ್ತೆ. ನಿಮ್ಮ ಮೊಬೈಲ್ ಟಾರ್ಚ್ ಸ್ವಲ್ಪ ಮೀಟರಿಗೆ ಹಿಡೀರಿ."

ಮ್ಯಾನೇಜರು ಗೊಣಗುತ್ತಲೇ ಹಿಡಿದ. ಹಿಡಿದದ್ದೇ ಅವನಿಗೂ ಹುಚ್ಚು ಹತ್ತಿ, "ಅಕ್ಕಾ, ಕದಲಿಲ್ಲ! ಅಲ್ಲೇ ನಿಂತಿದೆ!" ಎಂದು ಪಿಸುಗುಡತೊಡಗಿದ. ಯಂತ್ರಗಳ ಸದ್ದಿಲ್ಲದ್ದರಿಂದ ಬಟ್ಟೆ ಇಡುವ ಕೋಣೆಯೊಳಗಿಂದ ನೀರು ಗುಂಯ್‌ಗುಡುತ್ತಾ ಆರಿಹೋಗುವ ಸದ್ದು ಕೇಳಿಸಿತು. ಹಿಂದೆಯೇ, "ಥತ್, ಕುದಿಯೋ ಹೊತ್ತಿಗೇ!" ಎಂಬ ದನಿ.

ಅಕ್ಕ ಹೋಗಿ ಬಾಗಿಲು ತೆಗೆದಳು. ಹೋಟೆಲಿನ ಹಾಸಿಗೆ ಬಟ್ಟೆಗಳ ನಡುವೆ, ಹೊಚ್ಚ ಹೊಸ ಕೆಟಲನ್ನು ದಿಂಬಿನ ಚೀಲದಲ್ಲಿ ಬಚ್ಚಿಟ್ಟುಕೊಂಡು, ಯಜಮಾನ ಬೆಪ್ಪಾಗಿ ಕೂತಿದ್ದ. ಟೀಗೆ ಕಾಸು ಬಿಚ್ಚದವನು ಕೆಟಲಿಗೆ ಬಿಚ್ಚಿದ್ದ! ಅವಳು ಮೀಟರಿನ ಹತ್ತಿರ ವಾಪಸ್ ಬಂದಳು. ಅಂಕಿ ಸೊನ್ನೆಗೆ ಬಂತು. ಮ್ಯಾನೇಜರು ಚಪ್ಪಾಳೆ ತಟ್ಟಿದ. ಮಿತಿ ದಾಟಿರಲಿಲ್ಲ, ಕೂದಲೆಳೆಯಲ್ಲಿ ಉಳಿದಿತ್ತು. ಅಕ್ಕ ಮೇನ್ ಹಾಕಿದಳು, ಯಂತ್ರಗಳು ಮತ್ತೆ ತಿರುಗಿದವು.

ಕೆಟಲ್ ಹಿಡಿದು ತಮ್ಮ ಮೆಲ್ಲಗೆ ಬಂದು ನಿಂತ.

"ಒಂದು ಲೋಟ ಟೀ ಅಷ್ಟೇ ಅಕ್ಕಾ..."

"ಲೋಡು ದಾಟಿಸೋರು ಮನೇಲಿ ಕೂರ್ಬೇಕು ಅಂದೋನು ಯಾರು?"

"ನಾನೇ."

"ಸರಿ. ನಾಳೆಯಿಂದ ನೀನೇ ಕೂತ್ಕೋ. ಬೇಕಾದಷ್ಟು ಟೀ ಕುಡಿ. ಅಂಗಡಿ ನಾನು ನೋಡ್ಕೋತೀನಿ."

ತಮ್ಮ ನಕ್ಕ. ಅವಳು ನಗುತ್ತಿಲ್ಲವೆಂದು ಕಂಡಾಗ ಅವನ ನಗೆ ಅರ್ಧಕ್ಕೇ ನಿಂತಿತು.

"ಅಯ್ಯಯ್ಯೋ, ಬೇಡ ಕಣಕ್ಕಾ. ಹಗಲೆಲ್ಲ ಮನೇಲಿ ಕೂತು ಏನ್ಮಾಡ್ಲಿ? ಅಂಗಡಿ ಬಿಟ್ರೆ ನಂಗೆ ಬೇರೆ ಏನಿದೆ? ಎರಡೇ ದಿನಕ್ಕೆ ಹುಚ್ಚು ಹಿಡಿಯುತ್ತೆ."

"ನಂಗೆ ಹಿಡಿಯಲ್ವೇನೋ?" ಎಂದಳು ಅಕ್ಕ.

ಅವಳು ಜೋರಾಗಿ ಹೇಳಲಿಲ್ಲ. ಆದರೂ ನೊರೆ ಬಕೆಟ್ಟಿನ ಕಡೆ ತಿರುಗಿಕೊಂಡ, ಮ್ಯಾನೇಜರು ಟಾರ್ಚ್ ಆರಿಸಿದ. ತಮ್ಮ ತಲೆಯೆತ್ತಿ ಅವಳನ್ನು ನೋಡಿದ. ಅಕ್ಕನ ಮುಖವನ್ನು ಅವನು ಸರಿಯಾಗಿ ನೋಡಿ ಎಷ್ಟೋ ಕಾಲವಾಗಿತ್ತು. ಹೊಸ ಕೆಟಲಿನ ವೈರು ಕಿತ್ತು ಅವಳ ಕೈಗೆ ಕೊಟ್ಟ.

"ತಪ್ಪಾಯ್ತಕ್ಕಾ. ಬಿಲ್ಲಿನವನಿಗೆ ಬರ್ಬೇಡ ಅಂತ ಹೇಳ್ತೀನಿ."

"ಹೇಳು."

ಆಮೇಲೆ ಅವನು ತಲೆ ಕೆರೆದುಕೊಂಡ.

"ಈಗ ಟೀ ಮಾಡ್ಕೊಳ್ಲಾ?"

"ಗರಿಗರಿದು ಮುಗೀಲಿ," ಎಂದಳು ಅಕ್ಕ, ಕಣ್ಣೊರೆಸಿಕೊಂಡು. "ನಂಗೂ ಒಂದು ಲೋಟ ಮಾಡು."