ಹೇಳಿಕೊಟ್ಟ ಪ್ರಶ್ನೆ

ನಮ್ಮ ಚಿಕ್ಕಮ್ಮ ಟೈಲರ್. ಅವಳ ಕತ್ತರಿ ಎಷ್ಟು ಹರಿತವೋ ಕಿವಿಯೂ ಅಷ್ಟೇ ಚುರುಕು. ಬೀದಿಯ ಜಗಳಗಳೆಲ್ಲ ಅಳತೆ ಕೊಡುವ ನೆಪದಲ್ಲಿ ಅವಳ ಅಂಗಡಿಗೇ ಬರುತ್ತಿದ್ದವು. ಹೋದ ವರ್ಷ ರಾಜಿ ಮಾಡಿಸುವ ತರಬೇತಿಗೂ ಹೋಗಿಬಂದಳು. ಒಬ್ಬರು ಪ್ರತ್ಯೇಕವಾಗಿ ಹೇಳಿದ್ದನ್ನು ಅವರ ಒಪ್ಪಿಗೆಯಿಲ್ಲದೆ ಇನ್ನೊಬ್ಬರಿಗೆ ದಾಟಿಸಬಾರದು ಎಂಬುದೇ ಅಲ್ಲಿನ ಮೊದಲ ಪಾಠ.

ಪಕ್ಕದ ಬಡಗಿ ಅಣ್ಣತಮ್ಮಂದಿರು ಅಂಗಡಿ ಪಾಲು ಮಾಡಿಕೊಡಿ ಎಂದು ಬಂದರು. ಅಣ್ಣ ಓಡಿಸುತ್ತಿದ್ದ ಗರಗಸದ ಯಂತ್ರಕ್ಕೆ ಸಿಕ್ಕಿ ತಮ್ಮನ ಎರಡು ಬೆರಳು ಹೋಗಿದ್ದವು.

ಅಣ್ಣ ಹೊರಗೆ ಕೂತಿದ್ದಾಗ ತಮ್ಮ, "ಪಾಲು ಗೀಲು ಯಾರಿಗೆ ಬೇಕಕ್ಕಾ? ಕೈ ಹೇಗಿದೆ ಅಂತ ಇವತ್ತಿನವರೆಗೂ ಒಂದು ಮಾತು ಕೇಳಿಲ್ಲ ಅವನು," ಎಂದ.

ಚಿಕ್ಕಮ್ಮನಿಗೆ ತಡೆಯಲಾಗಲಿಲ್ಲ. ಹೊರಗೆ ಹೋಗಿ ಅಣ್ಣನ ಕಿವಿಯಲ್ಲಿ, "ಅವನ ಕೈ ಹೇಗಿದೆ ಅಂತ ಕೇಳಪ್ಪ, ಎಲ್ಲ ಸರಿಹೋಗುತ್ತೆ," ಎಂದಳು.

ಅಣ್ಣ ಒಳಗೆ ಬಂದು ತಮ್ಮನನ್ನು ಹಾಗೇ ಕೇಳಿದ. ಅವನ ಕಣ್ಣಲ್ಲಿ ನೀರಿತ್ತು, ನಾಟಕದ್ದಲ್ಲ. ತಮ್ಮ ಮಾತ್ರ ಚಿಕ್ಕಮ್ಮನ ಮುಖ ನೋಡಿದ.

"ನೀವು ಹೇಳಿಕೊಟ್ರಾ?"

ಚಿಕ್ಕಮ್ಮ ಹೌದೆಂದು ತಲೆಯಾಡಿಸಿದಳು.

"ಹಾಗಾದ್ರೆ ಪಾಲೇ ಮಾಡಿ," ಎಂದು ತಮ್ಮ ಎದ್ದ.

"ನಾನೇ ಕೇಳ್ಬೇಕು ಅಂತಿದ್ದೆ ಕಣೋ. ಧೈರ್ಯ ಬಂದಿರಲಿಲ್ಲ," ಎಂದ ಅಣ್ಣ.

"ಇನ್ನು ಅದು ನನಗೆ ಗೊತ್ತಾಗೋದು ಹೇಗೆ?"

ವಾರದೊಳಗೆ ಅವರ ಅಂಗಡಿಯ ನಡುವೆ ಹಲಗೆಯ ಗೋಡೆ ಎದ್ದಿತು. ಅಣ್ಣ ಒಂದು ಬದಿಯಿಂದ ಮೊಳೆ ಹೊಡೆದ, ತಮ್ಮ ಇನ್ನೊಂದು ಬದಿಯಿಂದ. ಆ ಸದ್ದು ನಿಲ್ಲುವವರೆಗೂ ಚಿಕ್ಕಮ್ಮ ಮಿಷನ್ ತುಳಿಯಲಿಲ್ಲ.