ಪಾಲಾರಿವಟ್ಟಂನಲ್ಲಿ ನಾನು ಕೇಳಿದ ‘ಮತ್ತೆ’

ತಿರುವನಂತಪುರದಲ್ಲಿ ಬೆಳಗಿನ ರೈಲು ಹತ್ತಿದಾಗ ನನಗೆ ಆರನೇ ತಿಂಗಳು, ಹೊಟ್ಟೆ ಮಾತ್ರ ಒಂಬತ್ತರದು. ಒಳಗೆ ಅವಳಿ ಕೂಸುಗಳು, ಎರಡಕ್ಕೂ ಒಂದೇ ಮಾಸು. ಅದರ ರಕ್ತನಾಳಗಳು ಒಂದಕ್ಕೊಂದು ಕೂಡಿಕೊಂಡು ಎಡಗಡೆಯ ಕೂಸಿನ ರಕ್ತ ಬಲಗಡೆಯದಕ್ಕೆ ಹರಿಯುತ್ತಿತ್ತು. ಬಲಗಡೆಯದರ ಸುತ್ತ ವಿಪರೀತ ನೀರು, ಎಡಗಡೆಯದಕ್ಕೆ ಹೊರಳಲೂ ನೀರಿಲ್ಲ. ಹೊಟ್ಟೆಯೊಳಗೇ ಲೇಸರಿನಿಂದ ಆ ನಾಳಗಳನ್ನು ಸುಡಬೇಕು, ಇಲ್ಲದಿದ್ದರೆ ಎರಡೂ ಕೈತಪ್ಪುತ್ತವೆ, ಕೊಚ್ಚಿಗೆ ಹೋಗಿ ಎಂದು ತಿರುವನಂತಪುರದ ಡಾಕ್ಟರು ಹೇಳಿದ್ದರು.

ಕೊಲ್ಲಂ ದಾಟಿದ ಮೇಲೆ ನನ್ನ ಗಂಡ ಪ್ರಭಾಕರ ಪಳಂಪೊರಿ ಕೊಂಡರು. ಬಿಸಿ ಬಾಳೆಹಣ್ಣಿನ ಬಜ್ಜಿ ಎಂದರೆ ನನಗೆ ಜೀವ, ಆದರೆ ಅಂದು ಒಂದು ತುಂಡೂ ಇಳಿಯಲಿಲ್ಲ. ಎರ್ನಾಕುಲಂನಲ್ಲಿ ಇಳಿದಾಗ ಸೆಕೆಗೆ ಉಸಿರು ಕಟ್ಟುತ್ತಿತ್ತು. ರಸ್ತೆಯ ಗುಂಡಿಗಳಿಗೆ ಹೆದರಿ ಆಟೊ ಬಿಟ್ಟು ಮೆಟ್ರೊದಲ್ಲಿ ಪಾಲಾರಿವಟ್ಟಂಗೆ ಹೋದೆವು. ಆಸ್ಪತ್ರೆ ಅಲ್ಲಿಂದ ಹತ್ತಿರ.

ಡಾಕ್ಟರಮ್ಮ ಏನನ್ನೂ ಮುಚ್ಚಿಡಲಿಲ್ಲ. ಎರಡೂ ಉಳಿಯಬಹುದು, ಒಂದು ಉಳಿಯಬಹುದು, ಒಂದೂ ಉಳಿಯದೆ ಹೋಗಬಹುದು. ಉಳಿದದ್ದರ ಮಿದುಳಿಗೆ ಪೆಟ್ಟಾಗಿದೆಯೋ ಇಲ್ಲವೋ ತಿಳಿಯಲು ಕಾಯಬೇಕು ಎಂದು ಇಂಗ್ಲಿಷಿನಲ್ಲಿ ಹೇಳಿದರು. ಅಂದು ಮಧ್ಯಾಹ್ನವೇ ಲೇಸರ್ ಆಯಿತು. ನಾನು ಎಚ್ಚರವಾಗಿಯೇ ಇದ್ದೆ. ಹೆಚ್ಚಿನ ನೀರನ್ನೂ ತೆಗೆದರು. ಹೊಟ್ಟೆ ಸಡಿಲವಾದೊಡನೆ ನನಗೆ ಭಯವಾಯಿತು.

ಮರುದಿನ ಬೆಳಿಗ್ಗೆ ಸ್ಕ್ಯಾನ್ ಮುಗಿದಾಗ ಡಾಕ್ಟರು ಬೇರೊಂದು ಆಪರೇಷನ್ನಿನಲ್ಲಿದ್ದರು. ನನ್ನ ಗಾಲಿಕುರ್ಚಿ ತಳ್ಳುತ್ತಿದ್ದ ನರ್ಸ್ ಮೆಲ್ಲಗೆ, “ಮಿಡಿಪ್ಪುಂಡ್ ಚೇಚ್ಚಿ. ಮತ್ತೆ ಕುಂಞಿಂಡೆ ಕಾರ್ಯಂ ಡಾಕ್ಟರ್ ಪರಯುಂ” ಎಂದಳು.

“ಏನಂದ್ರು ಅವ್ರು?” ಪ್ರಭಾಕರ ಕೇಳಿದರು. ರಾಕೆಟ್ಟಿನ ಕೆಲಸಕ್ಕೆಂದು ತಿರುವನಂತಪುರಕ್ಕೆ ಬಂದು ಮೂರು ವರ್ಷವಾದರೂ ಇವರ ಮಲಯಾಳಂ ‘ತೊಂದರೆಯಿಲ್ಲ’ ಎನ್ನುವ ‘ಕುಳಪ್ಪಮಿಲ್ಲ’ದಿಂದ ಮುಂದಕ್ಕೆ ಹೋಗಿಲ್ಲ. ಅಲ್ಲಿನ ಚಾಲೈ ಬಜಾರಿನಲ್ಲಿ ಚೌಕಾಸಿ ಮಾಡಿ ಕಲಿತವಳು ನಾನು, ಮನೆಗೆ ನಾನೇ ದುಭಾಷಿ.

“ಎದಿ ಬಡಿತ ಐತಂತ್ರೀ. ಮತ್ತ ಕೂಸಿನ ವಿಚಾರ ಡಾಕ್ಟರ್ ಹೇಳ್ತಾರಂತ” ಎಂದೆ.

“ಎರಡೂದು?”

“ಹೂಂ ಮತ್ತ.”

ಇವರು ಗೋಡೆಯ ಕಡೆ ತಿರುಗಿ ಕಣ್ಣೊರೆಸಿಕೊಂಡರು. ಧಾರವಾಡಕ್ಕೆ ಫೋನ್ ಹಚ್ಚಿದೆ. “ನನ್ನ ಜೀವ ತಣ್ಣಗಾತು ನೋಡವ್ವ” ಎಂದಳು ಅವ್ವ. ಆಸ್ಪತ್ರೆಯ ಗಂಜಿಯನ್ನು ಬಟ್ಟಲು ಬರಿದಾಗುವಂತೆ ಉಂಡೆ. ಅಷ್ಟು ರುಚಿಯಾಗಿ ನಾನು ಉಂಡು ಬಹಳ ದಿನವಾಗಿತ್ತು.

ಮಧ್ಯಾಹ್ನದ ಊಟದ ಹೊತ್ತಿಗೆ ಡಾಕ್ಟರು ಬಂದು ನನ್ನ ಕೈ ಹಿಡಿದು ಕೂತರು. ಎಡಗಡೆಯದರ ಎದೆಬಡಿತ ನಿಂತಿದೆ ಎಂದರು. ಸಿಸ್ಟರ್ ಹಾಗೆ ಹೇಳಲಿಲ್ಲ ಎಂದು ನಾನು ಜಗಳವಾಡಿದೆ. ನರ್ಸನ್ನು ಕರೆಸಿದರು. ಅವಳು ಅದೇ ಮಾತನ್ನು ಹೇಳಿ, ‘ಮತ್ತೆ’ ಎನ್ನುವಾಗ ನನ್ನ ಎಡಗಡೆ ತೋರಿಸಿದಳು. ಮಲಯಾಳಂನ ‘ಮತ್ತೆ’ ಎಂದರೆ ‘ಇನ್ನೊಂದು’. ಆಮೇಲೆ ಎನ್ನಲು ಅವರು ‘ಪಿನ್ನೆ’ ಎನ್ನುತ್ತಾರೆ. ನನಗದು ಗೊತ್ತಿತ್ತು. ಆದರೂ ಆ ಹೊತ್ತಿನಲ್ಲಿ ನನ್ನ ಕಿವಿ ಕನ್ನಡದಲ್ಲೇ ಕೇಳಿತು. ಅವ್ವನಿಗೆ ಫೋನ್ ಮಾಡುವ ಧೈರ್ಯ ಬರಲಿಲ್ಲ, ಪ್ರಭಾಕರರೇ ಮಾಡಿದರು.

ಇನ್ನೆರಡು ದಿನ ಮಲಗಿಸಿಕೊಂಡು ಕಳಿಸಿದರು. ಹೋದದ್ದು ಹೆರಿಗೆಯವರೆಗೂ ಒಳಗೇ ಇರುತ್ತದೆ, ತೆಗೆಯಲಾಗದು. ಇರುವುದರ ಮಿದುಳನ್ನು ಕೆಲವು ವಾರಗಳ ಮೇಲೆ ನೋಡಬೇಕು. ಅಲುಗಿದ್ದನ್ನೆಲ್ಲ ನಂಬಬೇಡಿ, ಒಂದು ಒದ್ದರೆ ಇನ್ನೊಂದೂ ಜರುಗುತ್ತದೆ ಎಂದೂ ಡಾಕ್ಟರು ಹೇಳಿದ್ದರು.

ನಾವು ಮನೆಗೆ ಮರಳುತ್ತಿದ್ದ ಮಧ್ಯಾಹ್ನದ ರೈಲು ವರ್ಕಲ ಸ್ಟೇಷನ್ ಬಿಟ್ಟಿತ್ತು. ಎಡಗಡೆ ಏನೋ ಹೊರಳಿತು. ನಾನು ಸೆಟೆದು ಕೂತದ್ದನ್ನು ಇವರು ನೋಡಿದರು.

“ಒದೀತೇನು?”

“ಹೂಂ.”

“ಯಾವ ಕಡೆ?”

“ಬಲಕ್ಕ” ಎಂದೆ.

ಮೂರು ದಿನದಲ್ಲಿ ಮೊದಲ ಸಲ ಇವರ ಮುಖ ಅರಳಿತು. ಬಲಗಡೆ ಅಂಗೈಯಿಟ್ಟು ತಿರುವನಂತಪುರ ಬರುವ ತನಕ ಕಾದರು. ಕೈಗೆ ಏನೂ ಸಿಗಲಿಲ್ಲ.